ಬೀಗದ ಆಚಾರಿ ಸರಿಮಾಡಿದ ಗಾಳಿ ಪಿಸ್ತೂಲು

ಆ ಗಾಳಿ ಪಿಸ್ತೂಲನ್ನು ಸರಿಮಾಡಿಸಲು ನನಗೆ ಒಟ್ಟು ಇಪ್ಪತ್ತು ರೂಪಾಯಿ ಬಿತ್ತು. ಅದರಲ್ಲಿ ಕೂಲಿ, ಸಾಮಾನು ಎಲ್ಲ ಸೇರಿ ಏಳು. ಉಳಿದ ಹದಿಮೂರು ತೇನಿಯಿಂದ ದಿಂಡಿಗಲ್ಲಿಗೆ ಮೂರು ಸಲ ಹೋಗಿ ಬಂದ ಬಸ್ಸಿನ ಖರ್ಚು. ಅರವತ್ತರ ದಶಕದ ನಡುವಿನ ಮಾತು. ಆಗ ಇಪ್ಪತ್ತು ರೂಪಾಯಿ ಎಂದರೆ ಒಬ್ಬನೇ ಬೇಯಿಸಿಕೊಂಡು ತಿನ್ನುವವನ ಅರ್ಧ ತಿಂಗಳ ಅಕ್ಕಿ, ಬೇಳೆ, ಎಣ್ಣೆ. ಪಿಸ್ತೂಲು ನನ್ನದೂ ಆಗಿರಲಿಲ್ಲ. ನನ್ನದಲ್ಲದ ವಸ್ತುವಿಗೆ ಕಾಸು ಬಿಚ್ಚುವ ಪೈಕಿ ನಾನಲ್ಲ. ಆದರೂ ಬಿಚ್ಚಿದೆ. ಅದು ಕೆಟ್ಟ ದಿನದಿಂದ ಭಾನುವಾರ ನನ್ನ ಬಾಗಿಲು ತಟ್ಟುವವರು ಇಲ್ಲವಾಗಿದ್ದರು, ಕಾರಣ ಇಷ್ಟೇ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ಹುಟ್ಟಿದ್ದು ಉತ್ತಮಪಾಳಯದ ಹತ್ತಿರದ ಒಂದು ಒಕ್ಕಲು ಮನೆಯಲ್ಲಿ. ನಮ್ಮ ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಬಂದು ಕಂಬಂ ಕಣಿವೆಯಲ್ಲಿ ನೆಲೆ ನಿಂತವರು. ಹೊಸ್ತಿಲ ಒಳಗೆ ನಮ್ಮ ಮಾತು, ಹೊಸ್ತಿಲ ಹೊರಗೆ ತಮಿಳು. ಈಗ ಬರೆಯುತ್ತಿರುವ ಈ ಪುಸ್ತಕದ ಕನ್ನಡ ನಾನು ಬಹಳ ತಡವಾಗಿ, ಬೆಂಗಳೂರಿನ ಮಂಡಿಯವರಿಗೆ ಕಾಗದ ಬರೆಯಬೇಕಾಗಿ ಬಂದಾಗ ಕಲಿತದ್ದು. ಅಪ್ಪ ಬೇಗ ಹೋದರು. ದ್ರಾಕ್ಷಿ ಬುಟ್ಟಿ ಹೊರುವುದರಿಂದ ಶುರು ಮಾಡಿ, ಬಳ್ಳಿಯ ಮೇಲಿರುವಾಗಲೇ ಹಣ್ಣಿಗೆ ಬೆಲೆ ಕಟ್ಟುವುದನ್ನು ಕಲಿತು, ಮೂವತ್ತಕ್ಕೆ ಮೊದಲು ತೇನಿಯಲ್ಲಿ ಸ್ವಂತ ತಕ್ಕಡಿ ಇಟ್ಟೆ. ಹತ್ತಿ ಗೋದಾಮಿನ ಮೇಲಿನ ಒಂದು ಕೋಣೆಯೇ ಮನೆ. ಯಾರ ಹತ್ತಿರ ಎಷ್ಟಕ್ಕೆ ಇಳಿಸಬಹುದು ಎನ್ನುವುದು ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಈ ಹೆಮ್ಮೆ ಇರಲಿ, ಮುಂದೆ ಬೇಕಾಗುತ್ತದೆ ಎಂದು ಹೇಳುತ್ತಿಲ್ಲ. ಇತ್ತು, ಅದಕ್ಕೆ ಹೇಳಿದೆ.

ಮದುವೆಯಾದದ್ದು ಹನುಮಂತನಪಟ್ಟಿಯ ದ್ರಾಕ್ಷಿ ತೋಟದವರ ಮಗಳನ್ನು. ಮೂರು ವರ್ಷ ಬಾಳಿದೆವು. ಒಂದು ಜ್ವರ ಬಂತು, ಹತ್ತು ದಿನದಲ್ಲಿ ಮುಗಿಯಿತು. ಮಕ್ಕಳಿರಲಿಲ್ಲ. ನಮ್ಮಲ್ಲಿ ಮಕ್ಕಳಿಲ್ಲದೆ ಹೆಣ್ಣು ಹೋದರೆ ಅವಳ ಜೊತೆ ಬಂದ ಪಾತ್ರೆ ಪಡಗ ತವರಿಗೆ ತಿರುಗಿ ಹೋಗಬೇಕು. ಅವರು ಕೇಳಲಿಲ್ಲ. ಕೇಳುವ ಮೊದಲೇ ಕೊಡುವುದು ಮರ್ಯಾದೆ ಎಂದು ನಾನೇ ಗೋಣಿಯಲ್ಲಿ ಕಟ್ಟಿ, ಬಂಡಿಯಲ್ಲಿ ಹಾಕಿ ಕಳಿಸಿದೆ. ನೀರು ಕಾಯಿಸುವ ಹಂಡೆ ಹೋದ ಮೇಲೆ ಆ ಮೂಲೆಯ ನೆಲದ ಮೇಲೆ ಒಂದು ದುಂಡಗಿನ ಕಪ್ಪು ಗುರುತು ಉಳಿಯಿತು. ಅದರ ಮೇಲೆ ಏನನ್ನಾದರೂ ಇಡೋಣ ಎಂದರೆ ಇಡಲು ನನ್ನ ಹತ್ತಿರ ಏನೂ ಇರಲಿಲ್ಲ. ಪಾತ್ರೆ ತಿರುಗಿ ಹೋದರೆ ಎರಡು ಮನೆಗಳ ಕೊಡುಕೊಳ್ಳುವಿಕೆ ಮುಗಿದ ಹಾಗೆ. ಮಾತು ಬಿಟ್ಟರು ಎಂದಲ್ಲ, ದಾರಿಯಲ್ಲಿ ಸಿಕ್ಕರೆ ನಿಂತು ಕೇಳುತ್ತಿದ್ದರು. ಆದರೆ ಹುಡುಕಿಕೊಂಡು ಬರುವ ಬಳಕೆ ನಿಂತಿತು. ಬರುತ್ತಾ ಉಳಿದವನು ಅವಳ ತಮ್ಮ ಒಬ್ಬನೇ, ನನ್ನ ಬಾಮೈದ. ನನಗಿಂತ ಎಂಟು ಒಂಬತ್ತು ವರ್ಷ ಚಿಕ್ಕವನು. ಅವನು ಬರುತ್ತಿದ್ದದ್ದು ಪಿಸ್ತೂಲಿಗಾಗಿ.

ಪಿಸ್ತೂಲು ಬಂದದ್ದು ಕಂಬಂ ಮೇಲಿನ ಬೆಟ್ಟದ ಒಂದು ತೋಟದ ಬಂಗಲೆಯಿಂದ. ಅಲ್ಲಿಯ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ಕುರ್ಚಿ, ಮಂಚ, ಪಿಂಗಾಣಿ ಎಲ್ಲ ಮಾರಿದ. ಬಾಮೈದನ ಕಣ್ಣು ಬಿದ್ದದ್ದು ಒಂದು ಮರದ ಪೆಟ್ಟಿಗೆಯೊಳಗಿನ ಈ ವಸ್ತುವಿನ ಮೇಲೆ. ಪಕ್ಷಿ ಹೊಡೆಯುವುದಕ್ಕಲ್ಲ, ಕಾಗದದ ಮೇಲೆ ಗುರಿ ಇಟ್ಟು ಆಡುವುದಕ್ಕೆ ಮಾಡಿದ್ದು. ಮೇಲಿನ ನಳಿಗೆಯನ್ನು ಎತ್ತಿ ಮುಂದಕ್ಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಕುಗ್ಗಿ ಕೂರುತ್ತದೆ. ಸಣ್ಣ ಸೀಸದ ಗುಂಡು ಇಟ್ಟು ನಳಿಗೆ ಮುಚ್ಚಬೇಕು. ಹಿಡಿಯ ಮುಂದಿನ ಕುದುರೆಯನ್ನು ಬೆರಳಿನಿಂದ ಎಳೆದರೆ ಸ್ಪ್ರಿಂಗು ಬಿಡಿಸಿಕೊಂಡು ಗಾಳಿಯನ್ನು ತಳ್ಳುತ್ತದೆ, ಗಾಳಿ ಗುಂಡನ್ನು ತಳ್ಳುತ್ತದೆ. ಸೈಕಲ್ ಪಂಪಿನ ಹಾಗೆಯೇ, ಬೇರೇನಲ್ಲ. ಬೆಲೆ ಮಾತಾಡಿ ಕೊಡಿಸಿದವನು ನಾನು. ಮನೆಗೆ ಒಯ್ದರೆ ನಮ್ಮ ಅತ್ತೆ ಒಪ್ಪಲಿಲ್ಲ. ದೀಪ ಹಚ್ಚುವ ಸೂರಿನ ಕೆಳಗೆ ಕೊಲ್ಲುವ ಹತ್ಯಾರು ಬೇಡ ಎಂದರಂತೆ. ಹಾಗಾಗಿ ಅದು ನನ್ನ ಕೋಣೆಯಲ್ಲಿ ಉಳಿಯಿತು. ಆಗ ನನ್ನ ಹೆಂಡತಿ ಇದ್ದಳು. ಇಲ್ಲಿಯೂ ದೀಪ ಹಚ್ಚುತ್ತಿದ್ದಳು, ಆದರೆ ಏನೂ ಅನ್ನಲಿಲ್ಲ.

ಅವಳು ಹೋದ ಮೇಲೂ ಬಾಮೈದ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಗೋದಾಮಿನ ಹಿಂದೆ ಹತ್ತಿಯ ಹೊರೆಗಳನ್ನು ಒಂದರ ಮೇಲೊಂದು ಇಟ್ಟು ಅದರ ಮುಂದೆ ಕಾರ್ಡು ಸಿಕ್ಕಿಸುತ್ತಿದ್ದೆವು. ನನ್ನಂಥ ದಲ್ಲಾಳಿಗೆ ಮದುವೆಯ ಕಾಗದಗಳಿಗೆ ಬರವಿಲ್ಲ. ಅವುಗಳ ಖಾಲಿ ಬೆನ್ನಿನ ಮೇಲೆ ಲೋಟದ ತಳ ಇಟ್ಟು ಒಂದು ದುಂಡು, ರೂಪಾಯಿ ಇಟ್ಟು ಒಂದು, ಕಾಲಾಣೆ ಇಟ್ಟು ಒಂದು. ಹತ್ತು ಹೆಜ್ಜೆ ದೂರ ನಿಂತು ಹೊಡೆಯುವುದು. ಅವನು ಚೆನ್ನಾಗಿ ಹೊಡೆಯುತ್ತಿದ್ದ. ನನ್ನದು ಯಾವಾಗಲೂ ಬಲಗಡೆಗೆ ಹೋಗುತ್ತಿತ್ತು.

"ಬಾವ, ನೀವು ಗುರಿ ನೋಡೋದು ತಕ್ಕಡಿ ನೋಡ್ದಂಗೆ ಐತೆ. ಮುಳ್ಳು ಯಾವಾಗ್ಲೂ ನಿಮ್ಮ ಕಡೀಕೇ ವಾಲ್ತದೆ" ಎನ್ನುತ್ತಿದ್ದ.

ಬೈಸಿಕೊಂಡರೂ ನನಗೆ ಸುಖವಾಗುತ್ತಿತ್ತು. ಏಕೆಂದರೆ ಬೈಗುಳ ನಮ್ಮ ಮಾತಿನಲ್ಲಿ ಇರುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ತೇನಿಯ ಬೀದಿಯಲ್ಲಿ ನಾನು ಆಡುತ್ತಿದ್ದದ್ದು ಎಲ್ಲ ತಮಿಳು, ಅದೂ ಬೆಲೆಯ ತಮಿಳು. ಮನೆಯ ಮಾತು ನನ್ನ ಬಾಯಿಂದ ಹೊರಗೆ ಬರುತ್ತಿದ್ದದ್ದು ವಾರಕ್ಕೆ ಒಂದು ದಿನ. ಶನಿವಾರ ಸಂಜೆಯೇ ಎರಡು ಲೋಟ ಅಕ್ಕಿ ಹೆಚ್ಚಾಗಿ ಆರಿಸಿ ಇಡುತ್ತಿದ್ದೆ.

ಈಗ ನನ್ನ ತಪ್ಪಿನ ವಿಷಯ. ಆಯುಧ ಪೂಜೆಗೆ ನಮ್ಮ ಮನೆತನದಲ್ಲಿ ಒಂದು ಕ್ರಮ ಇದೆ. ಹತ್ಯಾರನ್ನು ಸುಮ್ಮನೆ ತೊಳೆದು ಇಟ್ಟರೆ ಸಾಲದು, ಅದು ಕೆಲಸಕ್ಕೆ ನಿಂತ ಹಾಗೆ ಇರಬೇಕು. ಕುಡುಗೋಲಾದರೆ ಸಾಣೆ ಹಿಡಿದು, ನೇಗಿಲಾದರೆ ನೊಗ ಕಟ್ಟಿ, ತಕ್ಕಡಿಯಾದರೆ ತೂಗು ಹಾಕಿ. ಇನ್ನೊಂದು: ಇಟ್ಟವನೇ ಎತ್ತಬೇಕು. ಅವನು ಎತ್ತುವ ತನಕ ಇನ್ನೊಬ್ಬರು ಮುಟ್ಟಬಾರದು. ಆ ವರ್ಷ ತಕ್ಕಡಿಯ ಪಕ್ಕದಲ್ಲಿ ಪಿಸ್ತೂಲನ್ನೂ ಇಟ್ಟೆ. ಕೆಲಸಕ್ಕೆ ನಿಂತ ಹಾಗೆ ಇರಲಿ ಎಂದು ನಳಿಗೆ ಬಗ್ಗಿಸಿ ಸ್ಪ್ರಿಂಗನ್ನು ಕುಗ್ಗಿಸಿಯೇ ಇಟ್ಟೆ. ಅದಕ್ಕೆ ಮೊದಲು ಬಂಡಿಯ ಅಚ್ಚಿಗೆ ಹಾಕುವ ಹರಳೆಣ್ಣೆಯನ್ನು ಧಾರಾಳವಾಗಿ ಒಳಗೆ ಬಿಟ್ಟೆ. ನಳಿಗೆಯ ಬಾಯಿಗೆ ಗಂಧ ಮೆತ್ತಿ ಕುಂಕುಮ ಇಟ್ಟೆ. ಗುಂಡು ಮಾತ್ರ ಇಡಲಿಲ್ಲ, ಅಷ್ಟು ಬುದ್ಧಿ ಇತ್ತು.

ಮರುದಿನ ಎತ್ತಿ ಒರೆಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮರುದಿನ ಬೆಳಕು ಹರಿಯುವ ಹೊತ್ತಿಗೆ ಏಲಕ್ಕಿಯ ವ್ಯವಹಾರಕ್ಕೆ ಒಬ್ಬರು ಜೀಪು ತಂದು ನಿಲ್ಲಿಸಿದರು. ಎರಡು ದಿನ ಎಂದು ಬೆಟ್ಟ ಹತ್ತಿದವನು ಇಳಿದದ್ದು ದೀಪಾವಳಿಯ ಹಿಂದಿನ ದಿನ. ಬೇರೆ ಮನೆಗಳಲ್ಲಾದರೆ ಇಟ್ಟವನು ಊರಲ್ಲಿಲ್ಲದಿದ್ದರೆ ಹೆಂಡತಿಯೋ ಅಣ್ಣನೋ ದೇವರಿಗೆ ಒಂದು ಮಾತು ಹೇಳಿ ಎತ್ತಿಬಿಡುತ್ತಾರೆ. ನನ್ನ ಬೀಗ ತೆಗೆದು ಒಳಗೆ ಹೋಗುವವರು ಯಾರು? ಇಪ್ಪತ್ತು ದಿನ ಆ ಪಿಸ್ತೂಲು ಮಣೆಯ ಮೇಲೆ ಕುಗ್ಗಿದ ಸ್ಪ್ರಿಂಗಿನೊಂದಿಗೆ ಹಾಗೇ ಕೂತಿತ್ತು. ಹೂವು ಒಣಗಿ ಪುಡಿಯಾಗಿತ್ತು.

ಮುಂದಿನ ಭಾನುವಾರ ಬಾಮೈದ ಬಂದ. ಗುಂಡು ಇಟ್ಟು ಕುದುರೆ ಎಳೆದ. ಕೆಮ್ಮಿದ ಹಾಗೆ ಒಂದು ಸದ್ದಾಯಿತು, ಗುಂಡು ಮೂರು ಹೆಜ್ಜೆ ಮುಂದೆ ನೆಲಕ್ಕೆ ಬಿತ್ತು. ಇನ್ನೊಂದು ಸಲ ಎಳೆದ. ಅದು ನಳಿಗೆಯೊಳಗೇ ಉಳಿಯಿತು. ಅವನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದ, ನನ್ನ ಮುಖ ನೋಡಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಜಗಳವಾಡಿ ಊಟ ಮಾಡಿ ಹೋಗುತ್ತಿದ್ದ. ಅಂದು ಮಧ್ಯಾಹ್ನದ ಬಸ್ಸಿಗೇ ಹೊರಟ.

"ಸೆರಿ ಬಾವ, ಪರವಾಗಿಲ್ಲ. ರಿಪೇರಿ ಆದ್ಮೇಲೆ ಒಂದು ಕಾರ್ಡು ಹಾಕಿ, ಬತ್ತೀನಿ."

ಕಾರ್ಡು ಹಾಕುವ ತನಕ ಬರುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡದ್ದು ಮೂರು ಭಾನುವಾರ ಕಳೆದ ಮೇಲೆ. ಹೆಚ್ಚು ಹಾಕಿದ ಎರಡು ಲೋಟ ಅಕ್ಕಿ ಸೋಮವಾರಕ್ಕೆ ತಂಗಳಾಯಿತು.

ವ್ಯಾಪಾರಕ್ಕೆಂದು ಮದುರೆಗೆ ಹೋದಾಗ ಅಲ್ಲಿಯ ಒಂದು ಬಂದೂಕಿನಂಗಡಿಗೆ ಒಯ್ದೆ. ಗಲ್ಲಾದ ಮೇಲೆ ಕೂತವರು ಪೆಟ್ಟಿಗೆಯನ್ನು ಪೂರ್ತಿ ತೆರೆಯದೆಯೇ ನಲವತ್ತೈದು ರೂಪಾಯಿ ಎಂದರು. ಕಲ್ಕತ್ತೆಗೆ ಕಳಿಸಬೇಕು, ನಾಲ್ಕು ತಿಂಗಳು, ಗ್ಯಾರಂಟಿ ಇಲ್ಲ. ಮೂವತ್ತಕ್ಕೆ ಇಳಿಸಬಲ್ಲೆ ಎಂದು ಗೊತ್ತಿತ್ತು. ನಾಲ್ಕು ತಿಂಗಳನ್ನು ಇಳಿಸಲಾರೆ ಎಂದೂ ಗೊತ್ತಿತ್ತು. ಎದ್ದು ಬಂದೆ.

ಗೋದಾಮಿನ ಬಾಗಿಲಿಗೆ ಬೀಗ ಹಾಕುವಾಗ ಯೋಚನೆ ಬಂತು. ಆ ಬೀಗ ದಿಂಡಿಗಲ್ಲಿನದು, ನನ್ನ ಮುಷ್ಟಿಗಿಂತ ದೊಡ್ಡದು. ಹತ್ತು ಮಳೆಗಾಲ ಕಂಡರೂ ಒಳಗಿನ ಸ್ಪ್ರಿಂಗು ಸೋತಿರಲಿಲ್ಲ. ಇದನ್ನು ಮಾಡಿದ ಕೈಗೆ ಅದನ್ನು ಮಾಡುವುದು ಕಷ್ಟವೇ? ಜೊತೆಗೆ, ಸೈಕಲ್ ಪಂಪಿಗೆ ಹಾಕುವಂಥ ವಾಷರಿಗೆ ಚರ್ಮ ಬೇಕಾದರೆ ದಿಂಡಿಗಲ್ಲಿನಲ್ಲಿ ಹದ ಮಾಡಿದ ಚರ್ಮದ ಮಂಡಿಗಳು ಬೇಕಾದಷ್ಟು. ಬೀಗದ ಅಡಿಯಲ್ಲಿ ಕೊರೆದಿದ್ದ ಗುರುತನ್ನು ಕಾಗದದ ಮೇಲೆ ತಿದ್ದಿಕೊಂಡು, ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿ, ವತ್ತಲಗುಂಡು ದಾರಿಯ ಬಸ್ಸು ಹತ್ತಿದೆ.

ದಿಂಡಿಗಲ್ಲಿನಲ್ಲಿ ಆ ಗುರುತು ತೋರಿಸಿ ಕೇಳುತ್ತಾ ಹೋದರೆ ಮೂರನೆಯ ಬೀದಿಯಲ್ಲಿ ಒಬ್ಬರು ಸಿಕ್ಕರು. ಅರವತ್ತು ದಾಟಿದ ಆಚಾರಿ, ಬೀಗದ ಕೆಲಸದವರು. ತಗ್ಗಿನ ಮಾಡಿನ ಕೆಳಗೆ ಒಬ್ಬರೇ ಕೂತು ಅರದಿಂದ ಕಬ್ಬಿಣ ತಿಕ್ಕುತ್ತಿದ್ದರು. ಅವರು ಆಡಿದ್ದು ತಮಿಳು. ನನಗೆ ನೆನಪಿರುವಂತೆ ನಮ್ಮ ಮಾತಿನಲ್ಲಿ ಬರೆಯುತ್ತೇನೆ. ಅವರು ಪಿಸ್ತೂಲನ್ನು ಅದುವರೆಗೆ ಕಂಡಿರಲಿಲ್ಲ. ಅದನ್ನು ಮೊದಲು ಹೇಳಿಬಿಟ್ಟರು. ಮದುರೆಯವರು ಗೊತ್ತಿದೆ ಎಂದು ನೋಡಲಿಲ್ಲ, ಇವರು ಗೊತ್ತಿಲ್ಲ ಎಂದು ಒಂದು ಗಂಟೆ ನೋಡಿದರು. ನನ್ನನ್ನು ಎದುರಿಗೆ ಕೂರಿಸಿ, ಪ್ರತಿ ಸ್ಕ್ರೂ ಬಿಚ್ಚುವಾಗಲೂ ನನ್ನ ಕೈಗೆ ಕೊಟ್ಟು, ಬಿಚ್ಚಿದ ವರಸೆಯಲ್ಲೇ ಒಂದು ಹಲಗೆಯ ಮೇಲೆ ಜೋಡಿಸಲು ಹೇಳಿದರು. ಅಂಗಡಿಯವನು ಒಳಗೆ ಒಯ್ದು ಏನೋ ಮಾಡಿ ತಂದು ಲೆಕ್ಕ ಹೇಳುವುದನ್ನೇ ಕಂಡಿದ್ದವನಿಗೆ ಇದು ಹೊಸದು.

ಒಳಗಿನಿಂದ ಹರಳೆಣ್ಣೆ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬಂತು. ಪಿಸ್ಟನ್ನಿನ ತಲೆಗೆ ಇರುವ ಬಟ್ಟಲಿನಂಥ ಚರ್ಮದ ವಾಷರ್ ಊದಿ ಸೀಳಿಹೋಗಿತ್ತು. ನಳಿಗೆಯ ಬಾಯಲ್ಲಿ ಗಂಧ ಗಾರೆಯಾಗಿತ್ತು. ಯಾರು ಹೀಗೆ ಮಾಡಿದವರು ಎಂದು ಕೇಳಿದರು. ಒಡೆಯ ಮಾಡಿದ್ದು ಎಂದೆ. ಸುಳ್ಳು ನನ್ನ ವ್ಯಾಪಾರದಲ್ಲಿ ಉಪ್ಪಿನಷ್ಟು, ಹಾಕಿದ್ದು ಗೊತ್ತಾಗುವುದಿಲ್ಲ. ಅವರು ಬೆರಳಿನ ಎಣ್ಣೆಯನ್ನು ಮೂಸಿ ನೋಡಿದರು.

"ತಂಬಿ, ಇದು ಬಂಡಿಯ ಕೀಲೆಣ್ಣೆ. ಕುಗ್ಗಿಸಿ ಇಟ್ಟು ಪೂಜೆ ಮಾಡಿದ್ದೀರಿ. ಎಷ್ಟು ದಿನ ಇಟ್ಟಿದ್ದಿರಿ, ಅದು ಹೇಳಿ. ಅದು ಗೊತ್ತಾಗದೆ ಸ್ಪ್ರಿಂಗಿನ ಲೆಕ್ಕ ಸಿಗುವುದಿಲ್ಲ."

ಇಪ್ಪತ್ತು ದಿನ ಎಂದೆ. ಇಪ್ಪತ್ತು ದಿನ ಯಾರೂ ಎತ್ತಲಿಲ್ಲವೇ ಎಂದು ಕೇಳಿದರು. ಎತ್ತುವವರು ಇರಲಿಲ್ಲ ಎಂದೆ. ಅವರು ತಲೆ ಆಡಿಸಿ, ಅದನ್ನೂ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು: ಇಪ್ಪತ್ತು ದಿನ.

ಬೆಲೆ ಕೇಳಿದೆ. ಏಳು ಎಂದರು. ನಾಲ್ಕು ಎಂದೆ. ಅವರು ನಗಲೂ ಇಲ್ಲ, ಬೇಸರಿಸಲೂ ಇಲ್ಲ. ನಾಲ್ಕಕ್ಕೆ ಮಾಡುವ ಸ್ಪ್ರಿಂಗು ನಾಲ್ಕು ತಿಂಗಳು ಬರುತ್ತದೆ, ಏಳಕ್ಕೆ ಮಾಡುವುದು ಕೆಟ್ಟರೆ ನಾನೇ ಸರಿಮಾಡಿ ಕೊಡುತ್ತೇನೆ, ಯಾವುದು ಬೇಕು ಎಂದರು. ಐದೂವರೆ ಎಂದು ನೋಡಿದೆ. ಅವರು ಅರ ಕೈಗೆತ್ತಿಕೊಂಡು ಇನ್ನೊಂದು ಬೀಗದ ಕೆಲಸಕ್ಕೆ ತಿರುಗಿದರು. ಈ ಉಪಾಯ ನನ್ನದೇ. ಹತ್ತು ವರ್ಷ ಬೇರೆಯವರ ಮೇಲೆ ಪ್ರಯೋಗಿಸಿದ್ದೆ. ಆದರೆ ಅವರು ಉಪಾಯವಾಗಿ ಮಾಡಿರಲಿಲ್ಲ, ನಿಜವಾಗಿಯೂ ಕೆಲಸ ಶುರು ಮಾಡಿದ್ದರು. ಸರಿ, ಏಳು ಎಂದೆ.

ಚರ್ಮಕ್ಕೆ ಅವರೇ ಹೆಗಲಿಗೆ ಟವೆಲು ಹಾಕಿಕೊಂಡು ನನ್ನ ಜೊತೆ ಮಂಡಿಗೆ ನಡೆದು ಬಂದರು. ಹೊಟ್ಟೆಯ ಕಡೆಯ ಚರ್ಮ ಬೇಡ, ಹಿಗ್ಗುತ್ತದೆ. ಬೆನ್ನಿನ ಕಡೆಯದು ಬೇಕು ಎಂದು ನಾಲ್ಕು ತೊಗಲು ಮಡಿಸಿ, ಬಿಡಿಸಿ, ಉಗುರಿನಿಂದ ಗೀರಿ ನೋಡಿ ಅಂಗೈಯಗಲದ ಒಂದು ತುಂಡು ಆರಿಸಿದರು. ನೀರಲ್ಲಿ ನೆನೆಸಿ, ಹಿತ್ತಾಳೆಯ ಬಳೆಯೊಳಗೆ ಮರದ ಗೂಟದಿಂದ ಒತ್ತಿ, ನೆರಳಲ್ಲಿ ಒಣಗಿಸಿ, ಆಮೇಲೆ ಕರಗಿಸಿದ ಕೊಬ್ಬಿನಲ್ಲಿ ಅದ್ದಬೇಕು. ಬಿಸಿಲಲ್ಲಿಟ್ಟರೆ ಒಂದೇ ದಿನದಲ್ಲಿ ಒಣಗುತ್ತದೆ, ಒಂದೇ ತಿಂಗಳಲ್ಲಿ ಒಡೆಯುತ್ತದೆ. ಎಂಟು ದಿನ ಬಿಟ್ಟು ಬನ್ನಿ ಎಂದರು.

ಎಂಟು ದಿನ ಬಿಟ್ಟು ಹೋದೆ. ಕೂಡಿಸಿ ಇಟ್ಟಿದ್ದರು. ಪರೀಕ್ಷೆಗೆ ಹಿಂದಿನ ಅಂಗಳದಲ್ಲಿ ಹಳೆಯ ಪಂಚಾಂಗವನ್ನು ಗೋಡೆಗೆ ಒರಗಿಸಿದ್ದರು. ಎಷ್ಟು ಹಾಳೆ ತೂತಾಗುತ್ತದೆ ಎಂದು ನೋಡಿದರೆ ಬಲ ತಿಳಿಯುತ್ತದಂತೆ. ನಾನು ಹೊಡೆದೆ. ಗುಂಡು ಚೈತ್ರದಿಂದ ಹೊರಟು ಮಾರ್ಗಶಿರದವರೆಗೆ ಹೋಗಿತ್ತು. ನನಗೆ ಕುಣಿಯುವಷ್ಟು ಸಂತೋಷ. ಆಚಾರಿಗೆ ಇಲ್ಲ. ಹೊಡೆದಾಗ ನನ್ನ ಮಣಿಕಟ್ಟು ಎಷ್ಟು ಎಗರಿತು ಎನ್ನುವುದನ್ನು ಅವರು ನೋಡುತ್ತಿದ್ದರು. ಹತ್ತು ಸಲ ಹೊಡೆಸಿದರು. ಹತ್ತು ಗುಂಡು ಹತ್ತು ದಿಕ್ಕು.

"ನನಗೆ ಇಷ್ಟು ಸಾಕು, ಕೊಡಿ ಆಚಾರಿಯಾರೇ" ಎಂದೆ.

"ನಿಮಗೆ ಸಾಕು. ಗುರಿಗೆ ಸಾಲದು. ಸ್ಪ್ರಿಂಗು ಜಾಸ್ತಿ ಬಿರುಸಾಯಿತು, ನನ್ನ ಅಂದಾಜು ತಪ್ಪಿತು. ಇದನ್ನು ತೆಗೆದುಹಾಕಿ ಇನ್ನೊಂದು ಸುತ್ತುತ್ತೇನೆ. ಅದಕ್ಕೆ ನೀವು ಕೊಡುವುದು ಏನೂ ಇಲ್ಲ, ಬಸ್ಸಿನ ಕಾಸು ಮಾತ್ರ ನಿಮ್ಮ ಮೇಲೆ ಬಿತ್ತು, ಅದಕ್ಕೆ ಬೇಜಾರಿದೆ."

ತಪ್ಪು ನನ್ನದು ಎಂದು ಕೂಲಿಯವನೊಬ್ಬ ಗಿರಾಕಿಯ ಎದುರಿಗೆ ಹೇಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಬಸ್ಸಿಗೆ ಹೊತ್ತಿತ್ತು, ಕುಡಿದು ಕೂತೆ. ಆಚಾರಿ ಒಂದು ಪ್ರಶ್ನೆ ಕೇಳಿದರು: ಸರಿಯಾದ ಮೇಲೆ ಇದು ಯಾರ ಮನೆಯಲ್ಲಿ ಇರುತ್ತದೆ? ನೋಡಿಕೊಳ್ಳುವ ಬಗೆಯನ್ನು ಇಟ್ಟುಕೊಳ್ಳುವವರಿಗೇ ಹೇಳಬೇಕು, ಇಲ್ಲದಿದ್ದರೆ ಮಾಡಿದ್ದು ಹಾಳು. ನನ್ನ ಮನೆಯಲ್ಲೇ ಎಂದೆ. ಯೋಚನೆ ಮಾಡಲೇ ಇಲ್ಲ. ಬಾಮೈದ ಬರುತ್ತಾನೆ, ಇಬ್ಬರೂ ಹೊಡೆಯುತ್ತೇವೆ ಎಂದೆ. ಮಾತು ಬಾಯಿಗೆ ಬಂದದ್ದೇ ಬಂತು, ನನ್ನ ಹೆಂಡತಿ ಹೋದದ್ದು, ಪಾತ್ರೆ ಕಳಿಸಿದ್ದು, ಭಾನುವಾರದ ಅಡಿಗೆ ಎಲ್ಲ ಹೇಳಿದೆ. ಅವರು ಅರ ತಿಕ್ಕುತ್ತಲೇ ಕೇಳಿದರು. ಒಂದು ಬುದ್ಧಿಮಾತೂ ಹೇಳಲಿಲ್ಲ. ಎದ್ದು ಹೊರಟಾಗ, ಹಾಗಾದರೆ ಬೇಗ ಮುಗಿಸುತ್ತೇನೆ ಎಂದರು.

ಐದನೆಯ ದಿನಕ್ಕೆ ಕಾರ್ಡು ಬಂತು. ದೊಡ್ಡ ದೊಡ್ಡ ಅಕ್ಷರ, ಬೀಗದ ಮೇಲೆ ಕೊರೆದ ಹಾಗೆ: ಆಗಿದೆ, ಬನ್ನಿ.

ಮೂರನೆಯ ಸಲ ಹತ್ತು ಗುಂಡಿನಲ್ಲಿ ಎಂಟು ಗುಂಡು ಒಂದು ರೂಪಾಯಿ ನಾಣ್ಯದಗಲದೊಳಗೆ ಬಿದ್ದವು, ಅದೂ ನನ್ನ ಕೈಯಲ್ಲಿ. ಬಲಕ್ಕೆ ಹೋಗುವ ದೋಷ ನನ್ನದಲ್ಲ, ಹಿಂದಿನ ಗುರಿಯ ತಗಡು ಒಂದು ಕೂದಲೆಳೆ ಬಾಗಿತ್ತು ಎಂದು ಕಂಡು ಅದನ್ನೂ ಸರಿಮಾಡಿದ್ದರು. ಬಾಮೈದ ಅದನ್ನು ಕೈಯಲ್ಲೇ ಸರಿದೂಗಿಸಿಕೊಳ್ಳುತ್ತಿದ್ದನೇನೋ. ಕೇಳಿದ್ದ ಕೆಲಸವಲ್ಲ, ಲೆಕ್ಕಕ್ಕೂ ಸೇರಿಸಲಿಲ್ಲ. ಒಂದು ನಶ್ಯದ ಡಬ್ಬಿಯಲ್ಲಿ ಕೊಬ್ಬು ತುಂಬಿ ಅದರೊಳಗೆ ಇನ್ನೊಂದು ವಾಷರನ್ನು ಹುದುಗಿಸಿ ಕೊಟ್ಟರು. ನಾನಿಲ್ಲದ ಕಾಲಕ್ಕೂ ಬೇಕಾಗುತ್ತದೆ ಎಂದರು. ಬಿಚ್ಚಿ ಜೋಡಿಸುವುದನ್ನು ಎರಡು ಸಲ ನನ್ನಿಂದಲೇ ಮಾಡಿಸಿ ನೋಡಿದರು. ಏಳು ರೂಪಾಯಿ ಕೊಟ್ಟೆ. ಮೊದಲು ಹೇಳಿದ ಬೆಲೆಯನ್ನು ಹೇಳಿದಷ್ಟೇ ಕೊಟ್ಟದ್ದು ನನ್ನ ಬಾಳಿನಲ್ಲಿ ಅದೇ ಮೊದಲು.

ಬಾಮೈದನಿಗೆ ಅವತ್ತೇ ಕಾರ್ಡು ಹಾಕಿದೆ. ಒಂದು ಭಾನುವಾರ ಹೋಯಿತು. ಕಾರ್ಡು ತಡವಾಗಿರಬಹುದು ಎಂದುಕೊಂಡೆ. ಎರಡನೆಯ ಭಾನುವಾರ ಬಸ್ಸು ನಿಲ್ಲುವಲ್ಲಿಗೇ ಹೋಗಿ ನಿಂತೆ. ಕಂಬಂ ಕಡೆಯಿಂದ ಬಂದ ಮೂರು ಬಸ್ಸು ನೋಡಿ, ಬಾಳೆಯ ಗೊನೆ ಇಳಿಸುವವರ ಹತ್ತಿರ ಇಲ್ಲದ ವ್ಯಾಪಾರ ಮಾತಾಡಿ, ತಿರುಗಿ ಬಂದೆ. ಮೂರನೆಯ ಭಾನುವಾರ ಪೆಟ್ಟಿಗೆ ಎತ್ತಿಕೊಂಡು ನಾನೇ ಹನುಮಂತನಪಟ್ಟಿಗೆ ಹೋದೆ.

ಅತ್ತೆ ಹೊರಗಿನ ಜಗಲಿಯ ಮೇಲೆ ಚಾಪೆ ಹಾಸಿದರು. ಮೊದಲೆಲ್ಲ ನಾನು ಕಾಲು ತೊಳೆದವನೇ ಒಳಗಿನ ಪಡಸಾಲೆಗೆ ಹೋಗುತ್ತಿದ್ದೆ. ಈಗ ಕಾಪಿ ಹೊರಗೆ ಬಂತು, ಹಿತ್ತಾಳೆಯ ಲೋಟದಲ್ಲಿ. ಆ ಲೋಟ ನನ್ನ ಕೋಣೆಯಲ್ಲಿ ಮೂರು ವರ್ಷ ಇದ್ದದ್ದು. ಅವರಿಗೆ ಅದು ಗೊತ್ತಿರಲಿಲ್ಲವೋ ಏನೋ. ಚೆನ್ನಾಗಿದ್ದೀಯಾ, ಊಟಕ್ಕೆ ಏನು ಮಾಡ್ಕೋತೀಯಾ ಎಂದು ಕೇಳಿದರು. ಹೇಳಿದೆ.

ಬಾಮೈದ ತೋಟದಿಂದ ಓಡಿಬಂದ. ಮುಖ ಅರಳಿತ್ತು. ಕಾರ್ಡು ಬಂದಿತ್ತು ಬಾವ, ಸಂಕ್ರಾಂತಿ ಕಳೆದು ತೈ ತಿಂಗಳಿಗೆ ನನ್ನ ಮದುವೆ ಗೊತ್ತಾಗಿದೆ, ತಿರುಗಾಟವೇ ತಿರುಗಾಟ, ಬರೋಕೆ ಆಗಲಿಲ್ಲ ಎಂದ. ಕರೆಯೋಲೆ ಅಚ್ಚಾದ ಮೇಲೆ ತರೋಣ ಅಂತಿದ್ದೆ ಎಂದ. ನಾನು ಒಳ್ಳೆಯದಾಗಲಿ ಎಂದೆ, ಹೆಣ್ಣಿನ ಕಡೆಯ ತೋಟ ಎಷ್ಟು, ನೀರು ಹೇಗೆ ಎಂದು ವಿಚಾರಿಸಿದೆ. ಆಮೇಲೆ ದ್ರಾಕ್ಷಿ ಚಪ್ಪರದ ಹಿಂದೆ ಹೋದೆವು. ಅವನು ಹೊಡೆದ. ಒಂದು, ಎರಡು, ಮೂರು, ಎಲ್ಲ ಕಾಲಾಣೆಯೊಳಗೆ. ತಿರುಗಿಸಿ ತಿರುಗಿಸಿ ನೋಡಿದ.

"ಯಾರು ಬಾವ ಮಾಡಿದ್ದು? ದೊರೆ ಕೈಯಾಗೆ ಇದ್ದಾಗ್ಲೂ ಇಂಗೆ ಇರ್ಲಿಲ್ಲ."

ಹೇಳಿದೆ. ವಾಷರಿನ ಕತೆ, ಪಂಚಾಂಗದ ಕತೆ ಹೇಳಿ ನಗಿಸಿದೆ. ಅವನು ಪಿಸ್ತೂಲನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡ.

"ಇನ್ನು ನೀವು ಯಾಕೆ ಹೊತ್ಕೊಂಡು ತಿರುಗ್ಬೇಕು ಬಾವ. ಇಲ್ಲೇ ಇರ್ಲಿ. ಬರೋ ಹುಡುಗಿ ಅಣ್ಣದೀರಿಗೆ ಇದು ಅಂದ್ರೆ ಜೀವ. ಅಮ್ಮಂಗೆ ಹೇಳಿದ್ದೀನಿ, ಪಂಪುಸೆಟ್ಟು ಕೋಣೇಲಿ ಇಟ್ರೆ ಸೆರಿ ಅಂದವ್ಳೆ."

ಅವನು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿಲ್ಲ. ವಸ್ತು ಅವನದು. ನನ್ನ ಭಾರ ಇಳಿಸುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಎಷ್ಟು ಮಂದಿಯ ಬಾಯಿಂದ ಎಷ್ಟು ಒಪ್ಪಿಗೆ ಹೊರಡಿಸಿದವನು ನಾನು. ಅಲ್ಲಿ ಚಪ್ಪರದ ಕೆಳಗೆ ನಿಂತು ಭಾನುವಾರ ಬಾ ಎಂಬ ಎರಡು ಮಾತು ಹೇಳಲು ನನ್ನಿಂದ ಆಗಲಿಲ್ಲ. ಪಿಸ್ತೂಲಿಲ್ಲದೆ ಯಾಕೆ ಬಾ ಎನ್ನಲಿ? ನಶ್ಯದ ಡಬ್ಬಿ ಕೊಟ್ಟೆ. ಕುಗ್ಗಿಸಿ ಇಡಬೇಡ, ಕೊಬ್ಬು ಬಿಟ್ಟು ಬೇರೆ ಎಣ್ಣೆ ತೋರಿಸಬೇಡ ಎಂದು ಆಚಾರಿ ಹೇಳಿಕೊಟ್ಟದ್ದನ್ನೆಲ್ಲ ವರಸೆಯಾಗಿ ಹೇಳಿದೆ. ಅವನು ತಲೆಯಾಡಿಸಿ ಕೇಳಿದ. ಬಸ್ಸಿನವರೆಗೂ ಬಂದು ಕೈಯಲ್ಲಿ ಎರಡು ಗೊಂಚಲು ದ್ರಾಕ್ಷಿ ಇಟ್ಟ. ಟಿಕೆಟ್ಟಿನ ಕಾಸು ತಾನೇ ಕೊಡುತ್ತೇನೆ ಎಂದು ಕಂಡಕ್ಟರನ ಹತ್ತಿರ ವಾದ ಮಾಡಿದ, ಕೊಟ್ಟೂ ಕೊಟ್ಟ.

ಮದುವೆಗೆ ಹೋಗಿ ಬಂದೆ. ಎಲ್ಲರ ಜೊತೆ ಪಂಕ್ತಿಯಲ್ಲಿ ಉಂಡೆ. ಆಮೇಲೆ ಅವನು ತೇನಿಗೆ ಬಂದಾಗ ಅಂಗಡಿಯ ಹತ್ತಿರ ಐದು ನಿಮಿಷ ನಿಲ್ಲುತ್ತಿದ್ದ, ಹೆಂಡತಿಯ ಅಣ್ಣಂದಿರು ಜೊತೆಗಿರುತ್ತಿದ್ದರು. ಗೋದಾಮಿನ ಹಿಂದಿನ ಹತ್ತಿಯ ಹೊರೆಗಳು ಮಾರಾಟವಾಗಿ ಹೋದವು.

ಆಚಾರಿಯ ಕಾರ್ಡು ಮಾತ್ರ ಆರು ತಿಂಗಳಿಗೊಮ್ಮೆ ಬರುತ್ತಿತ್ತು. ವಾಷರ್ ಹೇಗಿದೆ, ಸ್ಪ್ರಿಂಗು ಸೋತಿತೇ, ಬಲಕ್ಕೆ ಹೋಗುತ್ತದೆಯೇ. ಏಳು ರೂಪಾಯಿ ತೆಗೆದುಕೊಂಡವರು ಏಳು ಸಲವಾದರೂ ಬರೆದಿರಬೇಕು. ಬೆಲೆ ಕೇಳದ ಕಾಗದ ನನಗೆ ಬರುತ್ತಿದ್ದದ್ದು ಅದೊಂದೇ. ಮೊದಲನೆಯದಕ್ಕೆ, ಚೆನ್ನಾಗಿದೆ, ನಾನೂ ಬಾಮೈದನೂ ಪ್ರತಿ ಭಾನುವಾರ ಹೊಡೆಯುತ್ತೇವೆ ಎಂದು ಬರೆದೆ. ಒಮ್ಮೆ ಬರೆದ ಮೇಲೆ ಮುಂದಿನದಕ್ಕೂ ಹಾಗೇ ಬರೆಯಬೇಕಾಯಿತು. ಒಂದರಲ್ಲಿ, ಹತ್ತಕ್ಕೆ ಒಂಬತ್ತು ಬೀಳುತ್ತಿದೆ ಎಂದೂ ಬರೆದೆ. ಅವರಿಗೆ ಆ ಒಂಬತ್ತರಿಂದ ಬಹಳ ಸಂತೋಷವಾಯಿತಂತೆ. ಆಮೇಲೆ ಒಂದು ವರ್ಷ ಕಾರ್ಡು ಬರಲಿಲ್ಲ. ದಿಂಡಿಗಲ್ಲಿಗೆ ಹೋದಾಗ, ಅವರು ಇಲ್ಲ ಎಂದು ಯಾರಾದರೂ ಹೇಳಿಯಾರು ಎಂದು ಆ ಬೀದಿಗೆ ಹೋಗದೆ ತಿರುಗಿ ಬಂದೆ.

ನೀವು ಹೀಗೆ ಮಾಡಿ. ಗಾಳಿ ಪಿಸ್ತೂಲೋ ಬಂದೂಕೋ ಇದ್ದರೆ ಎಂದೂ ಸ್ಪ್ರಿಂಗು ಕುಗ್ಗಿಸಿ ಇಡಬೇಡಿ, ಪೂಜೆಗೂ ಬೇಡ; ಗಂಧವನ್ನು ಹಿಡಿಯ ಮರಕ್ಕೆ ಹಚ್ಚಿ, ನಳಿಗೆಯ ಬಾಯಿಗಲ್ಲ. ಚರ್ಮಕ್ಕೆ ಕರಗಿಸಿದ ಕೊಬ್ಬು, ಅದೂ ಬೆರಳ ತುದಿಯಷ್ಟು, ಹರಳೆಣ್ಣೆ ಬಂಡಿಗೆ. ರಿಪೇರಿಗೆ ಹೋದರೆ ನಿಮ್ಮ ತಪ್ಪನ್ನು ಮೊದಲು ಹೇಳಿ, ಅರ್ಧ ಕೂಲಿ ಅಲ್ಲೇ ಉಳಿಯುತ್ತದೆ. ನಿಮ್ಮ ಎದುರಿಗೆ ಬಿಚ್ಚುವವನಿಗೆ ಕೊಡಿ, ಒಳಗೆ ಒಯ್ಯುವವನಿಗೆ ಬೇಡ. ಹತ್ತು ಗುಂಡು ಹೊಡೆದು ನೋಡದೆ ಕಾಸು ಎಣಿಸಬೇಡಿ. ಮತ್ತೆ, ಬೇರೆಯವರ ವಸ್ತುವನ್ನು ಸರಿಮಾಡಿಸುವಾಗ ಎಲ್ಲಕ್ಕೂ ಮೊದಲು ಒಡೆಯನ ಹತ್ತಿರ ಹೋಗಿ, ಸರಿಯಾದ ಮೇಲೆ ಇದು ಎಲ್ಲಿರಬೇಕು ಎಂದು ಬಾಯಿಬಿಟ್ಟು ಕೇಳಿ. ನಾಚಿಕೆಯಾದರೂ ಕೇಳಿ. ಬಸ್ಸಿನ ಖರ್ಚು ಆಮೇಲೆ.